ಉತ್ತರೆಯ ಗೊಂಬೆಗಳಿಗೆ ಬಟ್ಟೆ

ಶಾಸನಗಳಲ್ಲಿ ಹಾನಗಲ್ಲಿನ ಹೆಸರು ಪಾನುಂಗಲ್ಲು. ಕೆಲವು ಶಾಸನಗಳು ಅದೇ ಊರನ್ನು ವಿರಾಟನ ಕೋಟೆ, ವಿರಾಟನಗರಿ ಎಂದೂ ಕರೆಯುತ್ತವೆ. ಪಾಂಡವರು ವೇಷ ಮರೆಸಿಕೊಂಡು ಅಜ್ಞಾತವಾಸ ಕಳೆದದ್ದು ಇಲ್ಲಿಯೇ ಎಂಬುದು ಊರವರ ನಂಬಿಕೆ. ಮತ್ಸ್ಯದೇಶದ ರಾಜಧಾನಿ ರಾಜಸ್ಥಾನದ ಬೈರಾಟ್ ಎನ್ನುತ್ತಾರೆ ಇತಿಹಾಸಕಾರರು. ಅವರ ಮಾತಿಗೆ ಆಧಾರವಿದೆ. ಆದರೆ ಹಾನಗಲ್ಲಿನಲ್ಲಿ ಕುಂತಿಯ ದಿಬ್ಬ ಎಂಬ ಒಂದು ದಿಬ್ಬವಿದೆ. ಅದನ್ನು ಕಂಡ ಮೇಲೆ ಊರವರ ನಂಬಿಕೆಯ ಬಗ್ಗೆ ನನಗೆ ಬೇರೊಂದು ಗೌರವ ಹುಟ್ಟಿತು. ವ್ಯಾಸರ ಪ್ರಕಾರ ಕುಂತಿ ಮಕ್ಕಳ ಜೊತೆ ಕಾಡಿಗೂ ಹೋಗಲಿಲ್ಲ, ವಿರಾಟನಗರಿಗೂ ಬರಲಿಲ್ಲ. ಹದಿಮೂರು ವರ್ಷ ಹಸ್ತಿನಾವತಿಯಲ್ಲಿ ವಿದುರನ ಮನೆಯಲ್ಲಿದ್ದಳು. ಹಾನಗಲ್ಲಿನ ಕೇಳುಗರಿಗೆ ಅದು ಒಪ್ಪಿಗೆಯಾಗಲಿಲ್ಲ. ಮಕ್ಕಳು ಅಡುಗೆ ಮನೆಯಲ್ಲಿ, ಲಾಯದಲ್ಲಿ, ದನದ ಕೊಟ್ಟಿಗೆಯಲ್ಲಿ ಚಾಕರಿ ಮಾಡಿಕೊಂಡಿರುವಾಗ ತಾಯಿ ಅಷ್ಟು ದೂರ ಇರುವುದುಂಟೆ? ಅವರು ಆಕೆಯನ್ನು ಕರೆತಂದು ಊರಿನಲ್ಲೇ ಒಂದು ದಿಬ್ಬ ಕೊಟ್ಟು ಕೂರಿಸಿದರು. ಕಥೆಗೆ ಕೇಳುಗರು ತೋರಿದ ಪ್ರತಿಕ್ರಿಯೆಗಳಲ್ಲಿ ನಾನು ಬಲ್ಲ ಅತ್ಯಂತ ಅಂತಃಕರಣದ್ದು ಇದು.

ಮಹಾಭಾರತವನ್ನು ಮಕ್ಕಳ ಕಥೆ ಎನ್ನಲಾಗದು. ಆದರೆ ಅದರೊಳಗೆ ಮಕ್ಕಳದೇ ಆದ ಒಂದು ಪರ್ವವಿದೆ. ವಿರಾಟಪರ್ವದಲ್ಲಿ ಮಕ್ಕಳಿಗೆ ಬೇಕಾದದ್ದೆಲ್ಲ ಇದೆ. ರಾಜರೆಲ್ಲ ವೇಷ ಹಾಕಿಕೊಳ್ಳುತ್ತಾರೆ. ಧರ್ಮರಾಯ ಕಂಕಭಟ್ಟನಾಗಿ ಪಗಡೆಯಾಡುತ್ತಾನೆ, ಭೀಮ ವಲಲನಾಗಿ ಸೌಟು ಹಿಡಿಯುತ್ತಾನೆ, ಗಾಂಡೀವ ಹಿಡಿದ ಅರ್ಜುನ ಬಳೆ ತೊಟ್ಟು ಬೃಹನ್ನಳೆಯಾಗಿ ರಾಜನ ಮಗಳಿಗೆ ಕುಣಿತ ಕಲಿಸುತ್ತಾನೆ. ಆಯುಧಗಳು ಊರಾಚೆ ಬನ್ನಿಮರದ ಮೇಲೆ. ನೋಡುವವರಿಗೆ ಗುಟ್ಟು ಗೊತ್ತು, ಅರಮನೆಯವರಿಗೆ ಗೊತ್ತಿಲ್ಲ. ಮಗುವಿಗೆ ಇದಕ್ಕಿಂತ ದೊಡ್ಡ ಸುಖ ಕಥೆಯಲ್ಲಿ ಇನ್ನೇನು ಬೇಕು? ಶಿಗ್ಗಾವಿಯ ಬಾಡದಲ್ಲಿ ಹುಟ್ಟಿದ ಕನಕದಾಸರು ಕಾವ್ಯಕ್ಕೆ ಆರಿಸಿಕೊಂಡ ನಳಚರಿತ್ರೆಯಲ್ಲೂ ಒಬ್ಬ ರಾಜ ರೂಪ ಕಳೆದುಕೊಂಡು ಬಾಹುಕನಾಗಿ ಬೇರೊಬ್ಬ ರಾಜನ ರಥ ಹೊಡೆಯುತ್ತಾನೆ. ಮರೆಸಿಕೊಂಡವನು ಹೊರಬರುವ ಗಳಿಗೆಗೆ ಕಾಯುವುದು ಈ ಸೀಮೆಯ ಕೇಳುಗರಿಗೆ ಹಳೆಯ ರುಚಿ.

ಮಳೆ ಹಿಂದೆ ಬಿದ್ದಾಗ ವಿರಾಟಪರ್ವ ಓದಿಸುವ ರೂಢಿ ಕನ್ನಡ ನಾಡಿನ ಹಳ್ಳಿಗಳಲ್ಲಿ ಬಹಳ ಹಳೆಯದು. ಈ ರೂಢಿಯ ಬೇರು ಕಥೆಯೊಳಗೇ ಇದೆ. ದುರ್ಯೋಧನನ ಗೂಢಚಾರರು ಪಾಂಡವರನ್ನು ಹುಡುಕಿ ಸೋತು ಬಂದಾಗ ಭೀಷ್ಮ ಹೇಳುತ್ತಾನೆ: ಧರ್ಮರಾಯ ಎಲ್ಲಿದ್ದಾನೋ ಆ ನಾಡಿನಲ್ಲಿ ಕಾಲಕ್ಕೆ ಸರಿಯಾಗಿ ಮಳೆಯಾಗುತ್ತದೆ, ಬೆಳೆ ತುಂಬುತ್ತದೆ, ದನಕರು ಹೆಚ್ಚುತ್ತವೆ, ಅಂಥ ನಾಡನ್ನು ಹುಡುಕಿ ಎಂದು. ಅಂದರೆ ಪರ್ವ ಓದುವುದು ಧರ್ಮರಾಯನನ್ನು ಒಂದು ವರ್ಷದ ಮಟ್ಟಿಗೆ ನಮ್ಮೂರಿಗೆ ಕರೆದು ಕೂರಿಸಿಕೊಂಡಂತೆ. ಅವನು ಇದ್ದಲ್ಲಿ ಮಳೆ ಬಾರದೆ ಹೋಗದು. ಇದರ ತರ್ಕ ನನಗೆ ಎಷ್ಟು ಸಲ ನೆನೆದರೂ ಹಳತಾಗುವುದಿಲ್ಲ.

ಓದುವುದು ಕುಮಾರವ್ಯಾಸನನ್ನು. ಆತನ ಊರು ಕೋಳಿವಾಡ ಹಾನಗಲ್ಲು, ಶಿಗ್ಗಾವಿ ತಾಲ್ಲೂಕುಗಳಿಗೆ ದೂರವಿಲ್ಲ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಳಿತು ಬರೆದ ಆ ಭಾರತ ಭಾಮಿನಿ ಷಟ್ಪದಿಯ ಓಟದಲ್ಲಿ ಸಾಗುತ್ತದೆ. ಒಬ್ಬರು ಹಾಡಿ ಒಬ್ಬರು ಅರ್ಥ ಹೇಳುವಾಗ ಕಟ್ಟೆಯ ಮೇಲೆ ಸವಣೂರಿನ ಎಲೆ, ಅಡಿಕೆ, ಸುಣ್ಣದ ಡಬ್ಬಿ ಕೈಯಿಂದ ಕೈಗೆ ಹೋಗುತ್ತವೆ. ಮಕ್ಕಳು ನಿದ್ದೆಗೆ ಜಾರುವ ಹೊತ್ತಿಗೆ ಉತ್ತರಕುಮಾರ ಬರುತ್ತಾನೆ. ಅಲ್ಲಿಗೆ ನಿದ್ದೆ ಹಾರಿತು.

ಉತ್ತರಕುಮಾರನ ಪ್ರಸಂಗ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಕೌರವರು ಬಂದು ದನ ಹಿಡಿದರು ಎಂದು ಗೋಪಾಲಕ ಓಡಿಬಂದು ಹೇಳಿದಾಗ ರಾಜಕುಮಾರ ಹೆಂಗಸರ ನಡುವೆ ಕುಳಿತು ಮೀಸೆ ತಿರುವುತ್ತಾನೆ. ಸಾರಥಿ ಒಬ್ಬ ಇದ್ದಿದ್ದರೆ ದ್ರೋಣ ಏನು, ಕರ್ಣ ಏನು ಎಂದು ಜಂಬ ಕೊಚ್ಚುತ್ತಾನೆ. ಸಾರಥಿ ಸಿಗುತ್ತಾನೆ, ಅವನು ಬೃಹನ್ನಳೆ. ದೂರದಿಂದ ಸೇನೆ ಕಂಡದ್ದೇ ತಡ, ರಾಜಕುಮಾರ ರಥದಿಂದ ಧುಮುಕಿ ಊರ ಕಡೆ ಓಡುತ್ತಾನೆ. ಜಡೆ ಹಾರಿಸುತ್ತ ಬೃಹನ್ನಳೆ ಅಟ್ಟಿಸಿಕೊಂಡು ಹೋಗುತ್ತಾಳೆ, ಕೌರವ ಸೇನೆ ಬಿದ್ದುಬಿದ್ದು ನಗುತ್ತದೆ. ಕಟ್ಟೆಯ ಮೇಲಿನವರೂ ನಗುತ್ತಾರೆ. ಆ ನಗುವಿನಿಂದಲೇ 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆ ಹುಟ್ಟಿತು.

ನಾನು ಹೇಳಹೊರಟಿರುವುದು ಇದಕ್ಕಿಂತ ಸ್ವಲ್ಪ ಹಿಂದಿನ ಒಂದು ಮಾತು. ವ್ಯಾಸಭಾರತದಲ್ಲಿ ಅದು ನಾಲ್ಕು ಸಾಲಿನಲ್ಲಿ ಬಂದು ಹೋಗುತ್ತದೆ. ರಥ ಹೊರಡುವಾಗ ರಾಜನ ಮಗಳು ಉತ್ತರೆ ತನ್ನ ಗೆಳತಿಯರೊಡನೆ ಓಡಿಬಂದು ಬೃಹನ್ನಳೆಯನ್ನು ಕೇಳುತ್ತಾಳೆ: ಭೀಷ್ಮ ದ್ರೋಣರನ್ನು ಗೆದ್ದಾದ ಮೇಲೆ ಅವರ ಬಣ್ಣಬಣ್ಣದ ನಯವಾದ ಬಟ್ಟೆ ತಂದುಕೊಡು, ನಮ್ಮ ಗೊಂಬೆಗಳಿಗೆ ಬೇಕು.

ಬೃಹನ್ನಳೆ ನಕ್ಕು, ನಿನ್ನ ಅಣ್ಣ ಗೆದ್ದರೆ ಖಂಡಿತ ತರುತ್ತೇನೆ ಎನ್ನುತ್ತಾಳೆ. ಅಣ್ಣ ಯುದ್ಧಕ್ಕೆ ಹೊರಟಿದ್ದಾನೆ, ಹುಡುಗಿಗೆ ಗೊಂಬೆಯ ಚಿಂತೆ. ಆಕೆ ಕಂಡ ಯುದ್ಧ ಅಷ್ಟೇ: ಹೋಗುವುದು, ಗೆಲ್ಲುವುದು, ಬರುವಾಗ ಜಾತ್ರೆಯಿಂದ ತಂದ ಹಾಗೆ ಏನಾದರೂ ತರುವುದು. ಮುಂದೆ ಅರ್ಜುನ ಸಮ್ಮೋಹನಾಸ್ತ್ರ ಹೂಡಿ ಕೌರವ ವೀರರನ್ನೆಲ್ಲ ಮೈಮರೆಸಿದಾಗ, ಅಷ್ಟು ದೊಡ್ಡ ಜಯದ ನಡುವೆ, ಅವನಿಗೆ ಈ ಮಾತು ನೆನಪಾಗುತ್ತದೆ. ಅದನ್ನು ಓದಿದಾಗಲೆಲ್ಲ ನಾನು ಅಲ್ಲೇ ನಿಲ್ಲುತ್ತೇನೆ. ಅವನು ಉತ್ತರಕುಮಾರನಿಗೆ ಹೇಳುತ್ತಾನೆ: ಇಳಿದು ಹೋಗು, ದ್ರೋಣ ಕೃಪರ ಬಿಳಿಯ ಬಟ್ಟೆ, ಕರ್ಣನ ಹಳದಿ ಬಟ್ಟೆ, ಅಶ್ವತ್ಥಾಮ ದುರ್ಯೋಧನರ ನೀಲಿ ಬಟ್ಟೆ ತೆಗೆದುಕೊ. ಭೀಷ್ಮರ ಹತ್ತಿರ ಹೋಗಬೇಡ, ಅವರು ಎಚ್ಚರವಾಗಿದ್ದಾರೆ. ಸ್ವಲ್ಪ ಹೊತ್ತಿನ ಹಿಂದೆ ಓಡಿಹೋದ ಹುಡುಗ ಈಗ ಮಹಾರಥಿಗಳ ನಡುವೆ ನಡೆದುಹೋಗಿ ತಂಗಿಯ ಗೊಂಬೆಗಳಿಗೆ ಬಟ್ಟೆ ಆರಿಸಿಕೊಂಡು ಬರುತ್ತಾನೆ.

ಪರ್ವ ಮುಗಿಯುವುದು ಮದುವೆಯಲ್ಲಿ. ವಿರಾಟ ಮಗಳನ್ನು ಅರ್ಜುನನಿಗೇ ಕೊಡಲು ಬರುತ್ತಾನೆ. ವರ್ಷವಿಡೀ ಗುರುವಾಗಿ ಇದ್ದವನು, ಮಗಳಂತೆ ನೋಡಿದವನು, ಸೊಸೆಯಾಗಿ ತರುತ್ತೇನೆ ಎನ್ನುತ್ತಾನೆ ಅರ್ಜುನ. ದ್ವಾರಕೆಯಿಂದ ಅಭಿಮನ್ಯು ಬರುತ್ತಾನೆ, ಕೃಷ್ಣ ಬರುತ್ತಾನೆ. ಹಾನಗಲ್ಲಿನವರ ಲೆಕ್ಕದಲ್ಲಿ ಇದು ತಮ್ಮೂರ ಹುಡುಗಿಯ ಮದುವೆ. ಹಸ್ತಿನಾವತಿಯ ಬೀಗತನ. ಕುಣಿತ ಕಲಿಸಿದ ಮೇಷ್ಟರೇ ಮಾವನಾದರು.

ಇಲ್ಲಿ ಮಕ್ಕಳೆಲ್ಲ ಕೇಳುವುದು ಒಂದೇ ಪ್ರಶ್ನೆ: 'ಮುಂದ ಏನಾತು?'

ಮುಂದೆ ಏನಾಯಿತು ಎಂಬುದನ್ನು ಹಿರಿಯರು ಕೂಡಲೇ ಹೇಳುವುದಿಲ್ಲ. ಮಳೆಗಾಗಿ ಓದಿಸಿದ್ದು ವಿರಾಟಪರ್ವ, ಅದು ಮುಗಿಯಿತು, ಮಂಗಳಾರತಿ ಆಯಿತು, ಎಲ್ಲರೂ ಮನೆಗೆ. ಮುಂದಿನ ಪರ್ವ ಮತ್ತೆ ಯಾವಾಗಲೋ. ಕೆಲವು ಮಕ್ಕಳು ವರ್ಷಗಟ್ಟಲೆ ಕಾಯುತ್ತಿದ್ದರು. ಕಾದವರಲ್ಲಿ ಕೆಲವರಿಗೆ ಉತ್ತರ ಸಿಕ್ಕಿದ್ದು ಅಮರ ಚಿತ್ರಕಥೆಯ ಪುಸ್ತಕದಲ್ಲಿ, ಕೆಲವರಿಗೆ 'ಚಂದಮಾಮ'ದಲ್ಲಿ, ಹೆಚ್ಚಿನವರಿಗೆ ದೊಡ್ಡಾಟದ ಅಟ್ಟದ ಮುಂದೆ. ಇಂಥ ಕಾಯುವಿಕೆ ನಮ್ಮದು ಮಾತ್ರವಲ್ಲ. ಹ್ಯಾರಿ ಪಾಟರ್ ಸರಣಿಯ ನಾಲ್ಕನೆಯ ಪುಸ್ತಕ ಬಂದದ್ದು 2000ದ ಜುಲೈನಲ್ಲಿ, ಐದನೆಯದು 2003ರ ಜೂನ್‌ನಲ್ಲಿ. ಮೂರು ವರ್ಷ ಕಾದ ಮಕ್ಕಳ ಕೈಗೆ ಬಂದದ್ದು ಕತ್ತಲು ತುಂಬಿದ ಪುಸ್ತಕ. ಹ್ಯಾರಿ ಮಾತುಮಾತಿಗೆ ಸಿಟ್ಟಾಗುತ್ತಾನೆ, ಕೊನೆಗೆ ಸಿರಿಯಸ್ ಸಾಯುತ್ತಾನೆ. ಎಷ್ಟೋ ಓದುಗರು ಬೇಸರಪಟ್ಟರು, ಬರೆದವರ ಮೇಲೆ ಮುನಿದರು. ಆ ಮುನಿಸನ್ನು ನಾನು ತಪ್ಪೆನ್ನಲಾರೆ. ಪ್ರೀತಿಸಿದವರನ್ನು ಕಥೆಗಾರ ಕೊಂದರೆ ಓದುಗ ಮುನಿಯದೆ ಮತ್ತೇನು ಮಾಡಬೇಕು?

ವಿರಾಟನಗರಿಯ ಕೇಳುಗರಿಗೆ ಕಾದಿದ್ದ ಮುಂದಿನ ಭಾಗ ಇನ್ನೂ ಕಠಿಣ. ಯುದ್ಧದ 1ನೆಯ ದಿನವೇ ಉತ್ತರಕುಮಾರ ಸಾಯುತ್ತಾನೆ. ಅವನು ಓಡುವುದಿಲ್ಲ. ಆನೆಯ ಮೇಲೆ ಕುಳಿತು ಮದ್ರರಾಜ ಶಲ್ಯನ ಮೇಲೆ ನುಗ್ಗುತ್ತಾನೆ, ಆ ಆನೆ ಶಲ್ಯನ ರಥದ ನಾಲ್ಕು ಕುದುರೆಗಳನ್ನೂ ತುಳಿದು ಕೊಲ್ಲುತ್ತದೆ. ಶಲ್ಯ ಎಸೆದ ಶಕ್ತ್ಯಾಯುಧಕ್ಕೆ ಉತ್ತರ ಬೀಳುತ್ತಾನೆ. ಅದನ್ನು ಕಂಡು ರೋಷದಿಂದ ಮುನ್ನುಗ್ಗಿದ ವಿರಾಟನ ಇನ್ನೊಬ್ಬ ಮಗ ಶ್ವೇತನೂ ಅದೇ ದಿನ ಭೀಷ್ಮನ ಕೈಯಲ್ಲಿ ಮಡಿಯುತ್ತಾನೆ. 13ನೆಯ ದಿನ ಅಭಿಮನ್ಯು. 15ನೆಯ ದಿನ ದ್ರೋಣನ ಬಾಣಕ್ಕೆ ವಿರಾಟ. ಹಾನಗಲ್ಲಿನ ಮಟ್ಟಿಗೆ ಹೇಳುವುದಾದರೆ ಅರಮನೆಯಲ್ಲಿ ಗಂಡು ದಿಕ್ಕೇ ಇಲ್ಲದಾಯಿತು. ಧರ್ಮರಾಯನಿಗೆ ಒಂದು ವರ್ಷ ಅನ್ನ ಹಾಕಿದ ಮನೆ ಅದು.

ದೊಡ್ಡಾಟದಲ್ಲಿ ಅಭಿಮನ್ಯು ಕಾಳಗ ಬೆಳಗಿನ ಜಾವಕ್ಕೆ ಮುಟ್ಟುವಾಗ ಹೆಂಗಸರು ನಡೆದುಕೊಳ್ಳುವ ರೀತಿಯನ್ನು ನೋಡಬೇಕು. ಧರ್ಮರಾಯ ಹುಡುಗನನ್ನು ವ್ಯೂಹಕ್ಕೆ ಕಳಿಸಲು ಒಪ್ಪಿದ ಕೂಡಲೇ ಗುಸುಗುಸು ಏಳುತ್ತದೆ. 'ಹೊರಗ ಬರೂ ದಾರಿ ಗೊತ್ತಿಲ್ಲಂತ ತಾನ ಹೇಳ್ಯಾನ, ಮತ್ಯಾಕ ಕಳಸತಾನಿಂವ?' ಎಂದು ಒಬ್ಬ ಮುದುಕಿ ಬೈಯುವುದು ಕೌರವರನ್ನಲ್ಲ, ಧರ್ಮರಾಯನನ್ನು. ಅವನಿದ್ದಲ್ಲಿ ಮಳೆ ಬರುತ್ತದೆ ಎಂದು ಪರ್ವ ಓದಿಸಿದ ಊರಿನವಳೇ ಆಕೆ. ವಿಮರ್ಶಕರು ಪುಟಗಟ್ಟಲೆ ಬರೆದದ್ದನ್ನು ಆಕೆ ಒಂದು ಮಾತಿನಲ್ಲಿ ಮುಗಿಸುತ್ತಾಳೆ: ದೊಡ್ಡವರು ಮಾಡಿಕೊಂಡ ಜಗಳದ ಒಳಗೆ ಹದಿನಾರು ವರ್ಷದ ಹುಡುಗನನ್ನು ತೂರಿಸಿದರು.

ಗೊಂಬೆಗಳ ಬಟ್ಟೆಯನ್ನು ಈಗ ನೆನಪಿಸಿಕೊಳ್ಳಿ. ಅಭಿಮನ್ಯುವನ್ನು ಸುತ್ತಿಕೊಂಡ ಆರು ಮಂದಿ ಮಹಾರಥಿಗಳು ದ್ರೋಣ, ಕೃಪ, ಕರ್ಣ, ಅಶ್ವತ್ಥಾಮ, ಬೃಹದ್ಬಲ, ಕೃತವರ್ಮ. ಕೊನೆಯ ಇಬ್ಬರನ್ನು ಬಿಟ್ಟರೆ ಉಳಿದ ನಾಲ್ವರೂ ಉತ್ತರೆಯ ಗೊಂಬೆಗಳಿಗೆ ಬಟ್ಟೆ ಕೊಟ್ಟವರು. ಬಿಳಿ, ಬಿಳಿ, ಹಳದಿ, ನೀಲಿ. ಐದನೆಯ ಬಟ್ಟೆ ದುರ್ಯೋಧನನದು, ಆ ಯುದ್ಧವೇ ಅವನದು. ಎಚ್ಚರವಾಗಿದ್ದ ಭೀಷ್ಮನ ಬಟ್ಟೆಯನ್ನು ಉತ್ತರಕುಮಾರ ಮುಟ್ಟಲಿಲ್ಲ. ಅಭಿಮನ್ಯು ಬೀಳುವ ಹೊತ್ತಿಗೆ ಭೀಷ್ಮ ಶರಶಯ್ಯೆಯಲ್ಲಿದ್ದ, ಆ ಪಾಪದಲ್ಲಿ ಅವನ ಪಾಲಿಲ್ಲ. ಇನ್ನೂ ಮುಂದೆ ಹೋದರೆ, ಎಲ್ಲ ಮುಗಿದ ಮೇಲೆ ಉತ್ತರೆಯ ಬಸಿರಿಗೆ ಅಸ್ತ್ರ ಗುರಿಯಿಟ್ಟವನು ಅಶ್ವತ್ಥಾಮ. ಅವನ ನೀಲಿ ಬಟ್ಟೆ ಆ ಹುಡುಗಿಯ ಗೊಂಬೆಯ ಮೈಮೇಲೆ ಇತ್ತು.

ಇದನ್ನೆಲ್ಲ ವ್ಯಾಸ ಲೆಕ್ಕ ಹಾಕಿಯೇ ಇಟ್ಟನೋ, ಅಷ್ಟು ದೊಡ್ಡ ಕಥೆಯಲ್ಲಿ ತಾನಾಗಿಯೇ ಕೂಡಿಬಂತೋ, ನನಗೆ ಎರಡೂ ಒಂದೇ. ಎಲ್ಲಿಯೂ ಅವನು ಬೆರಳು ಮಾಡಿ ತೋರಿಸುವುದಿಲ್ಲ. ದ್ರೋಣಪರ್ವದಲ್ಲಿ ಗೊಂಬೆಯ ಸುದ್ದಿಯನ್ನು ಮತ್ತೆ ಎತ್ತುವುದಿಲ್ಲ. ಕೇಳುಗ ತಾನೇ ಹಿಂದಕ್ಕೆ ಹೋಗಿ ಆ ನಾಲ್ಕು ಸಾಲನ್ನು ಮತ್ತೆ ಮುಟ್ಟಬೇಕು. ಮೊದಲ ಸಲ ಅದು ಬರಿಯ ನಗುವಾಗಿತ್ತು. ಎರಡನೆಯ ಸಲ ಅದೇ ನಗು ಗಂಟಲಲ್ಲಿ ಸಿಕ್ಕುತ್ತದೆ. ಆದರೂ ನಗು ಹೋಗಿರುವುದಿಲ್ಲ, ಅದೇ ಇದರ ಸೊಗಸು. ಬಟ್ಟೆ ಆರಿಸುವ ಉತ್ತರಕುಮಾರ ಎರಡನೆಯ ಓದಿನಲ್ಲಿ ಇನ್ನಷ್ಟು ಮುದ್ದಾಗಿ ಕಾಣುತ್ತಾನೆ, ಅವನಿಗೆ ಉಳಿದಿರುವ ದಿನ ಎಷ್ಟೆಂದು ನಮಗೆ ಗೊತ್ತಾಗಿರುವುದರಿಂದ. ಕತ್ತಲೆಯ ಭಾಗ ಮೊದಲಿನ ಭಾಗವನ್ನು ಕೆಡಿಸಿತು ಎನ್ನುವವರ ಜೊತೆ ನಾನು ಒಪ್ಪದೆ ಇರುವುದು ಇಲ್ಲೇ. ಅಭಿಮನ್ಯುವಿನ ಸಾವು ವಿರಾಟಪರ್ವಕ್ಕೆ ಹಿಂದಿನಿಂದ ಬಂದು ರಸ ತುಂಬುತ್ತದೆ.

ರನ್ನನಿಗೆ ಇದು ಚೆನ್ನಾಗಿ ಗೊತ್ತಿತ್ತು. ಹತ್ತನೆಯ ಶತಮಾನದ ಕೊನೆಯಲ್ಲಿ, ಹಾನಗಲ್ಲು ಚಾಲುಕ್ಯರ ಆಳ್ವಿಕೆಯಲ್ಲಿದ್ದ ಕಾಲಕ್ಕೆ, ಅದೇ ಚಾಲುಕ್ಯರ ಆಸ್ಥಾನದ ಈ ಮುಧೋಳದ ಕವಿ ಬರೆದ ಗದಾಯುದ್ಧದಲ್ಲಿ ದುರ್ಯೋಧನ ರಣರಂಗದ ಹೆಣಗಳ ನಡುವೆ ನಡೆದು ಹೋಗುತ್ತಾನೆ. ಅಲ್ಲಿ ಅಭಿಮನ್ಯು ಬಿದ್ದಿರುವುದನ್ನು ಕಂಡು ನಿಲ್ಲುತ್ತಾನೆ. ತನ್ನ ಮಗನನ್ನೇ ಕೊಂದ ಹುಡುಗ. ಆದರೂ ದುರ್ಯೋಧನ ಅವನನ್ನು ಹೊಗಳುತ್ತಾನೆ, ನಿನ್ನಂಥ ಸಾವು ನನಗೂ ಬರಲಿ ಎಂದು ಬೇಡಿಕೊಳ್ಳುತ್ತಾನೆ. ರನ್ನ ಇಲ್ಲಿ ದುರ್ಯೋಧನನನ್ನೇ ಕಥೆಯ ಕೇಳುಗನನ್ನಾಗಿ ಮಾಡಿದ್ದಾನೆ. ನಾವು ಹೇಳಬೇಕಾದ ಮಾತನ್ನು ಅವನ ಬಾಯಲ್ಲಿ ಹೇಳಿಸಿದ್ದಾನೆ. ಶತ್ರುವಿನ ಬಾಯಿಂದ ಬಂದದ್ದಕ್ಕೇ ಆ ಮಾತಿನ ತೂಕ ಹೆಚ್ಚು.

ರಾಮಾಯಣದಲ್ಲೂ ಕನ್ನಡದವರು ಇಂಥದೇ ಕಾಯುವಿಕೆಯನ್ನು ಕಂಡಿದ್ದಾರೆ. ವಿಜಯಪುರದ ಪಕ್ಕದ ತೊರವೆಯಲ್ಲಿ ಕುಮಾರವಾಲ್ಮೀಕಿ ಬರೆದ ರಾಮಾಯಣ ಯುದ್ಧಕಾಂಡದಲ್ಲಿ, ಪಟ್ಟಾಭಿಷೇಕದಲ್ಲಿ ನಿಲ್ಲುತ್ತದೆ. ಸೀತೆಯನ್ನು ಕಾಡಿಗೆ ಕಳಿಸಿದ ಕಥೆ, ಕುಶಲವರು ತಂದೆಯ ಸೇನೆಯ ಮೇಲೆಯೇ ಬಾಣ ಹೂಡಿದ ಕಥೆ ಜನರಿಗೆ ಸಿಕ್ಕಿದ್ದು ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ. ಕುಮಾರವ್ಯಾಸನೂ ಅಷ್ಟೆ. ಗದಾಪರ್ವಕ್ಕೆ ಲೇಖನಿ ಕೆಳಗಿಟ್ಟ, ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಮುಗಿಸಿದ. ತಿಮ್ಮಣ್ಣನ ಕೃಷ್ಣರಾಯ ಭಾರತವನ್ನು ಇಂದು ಓದುವವರು ಕಡಿಮೆ. ಕಾವ್ಯ ಒಳ್ಳೆಯದೇ, ಆದರೆ ಜನ ಕುಮಾರವ್ಯಾಸನ ಧ್ವನಿಗೆ ಕಿವಿ ಕೊಟ್ಟಿದ್ದರು, ಇನ್ನೊಬ್ಬರ ಧ್ವನಿಯಲ್ಲಿ ಕಥೆ ಮುಂದುವರಿಯುವುದು ಅವರಿಗೆ ಹಿಡಿಸಲಿಲ್ಲ. ಇದೂ ಒಂದು ಪ್ರತಿಕ್ರಿಯೆ, ಕವಿಗೆ ಸ್ವಲ್ಪ ಕ್ರೂರವಾದದ್ದು.

ಹಾನಗಲ್ಲು, ಹಿರೇಕೆರೂರು ಸೀಮೆಯ ಊರುಗಳಲ್ಲಿ ಸುತ್ತಾಡಿದವರಿಗೆ ವೀರಗಲ್ಲುಗಳು ಹೊಸವಲ್ಲ. ಅವುಗಳಲ್ಲಿ ತುರುಗೊಳ್ ಕಲ್ಲುಗಳು ಬೇಕಾದಷ್ಟು. ಕೆಳಗಿನ ಹಂತದಲ್ಲಿ ದನಗಳ ಸಾಲು, ಬಿಲ್ಲು ಹಿಡಿದವನು. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಶಿವನ ಮುಂದೆ ಕೈಮುಗಿದು ಕುಳಿತವನು. ವಿರಾಟಪರ್ವದ ಗೋಗ್ರಹಣ ಈ ಜನಕ್ಕೆ ಯಾಕೆ ಅಷ್ಟು ಹತ್ತಿರ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ದನ ಹಿಡಿಯಲು ಬಂದವರ ಜೊತೆ ಹೊಡೆದಾಡಿ ಸತ್ತವರು ಅವರ ಊರಿನ ಅಗಸೆಯಲ್ಲೇ ನಿಂತಿದ್ದರು. ಹಾನಗಲ್ಲಿನ ಒಂದು ವೀರಗಲ್ಲು 1196ರದು. ಹೊಯ್ಸಳ ವೀರಬಲ್ಲಾಳ ಆನೆಕೆರೆಯಲ್ಲಿ ಬೀಡು ಬಿಟ್ಟು ಊರಿಗೆ ಮುತ್ತಿಗೆ ಹಾಕಿದಾಗ ಕದಂಬರ ದಂಡನಾಯಕ ಸೋಹಣಿ ಮತ್ತು ಅವನ ಮಗ ಪದ್ಮಯ್ಯ ಕಾದಿದರು, ಬಲ್ಲಾಳ ಆ ಸಲ ಹಿಮ್ಮೆಟ್ಟಬೇಕಾಯಿತು, ಸೋಹಣಿ ಸತ್ತ. ಇಲ್ಲಿ ತಂದೆ ಬಿದ್ದ, ಮಗ ಉಳಿದ. ಅಭಿಮನ್ಯುವಿನ ಕಥೆಯನ್ನು ಕಲ್ಲಿನ ಪಕ್ಕದಲ್ಲಿ ಕೂತು ಕೇಳಿದವರಿಗೆ ಅದು ದೂರದ ಕುರುಕ್ಷೇತ್ರದ ಸುದ್ದಿಯಾಗಿ ಕೇಳಿಸಿರಲಾರದು.

ಮುಂದಿನ ಭಾಗದ ಕತ್ತಲೆಯಲ್ಲಿ ಹಾನಗಲ್ಲಿಗೆ ಉಳಿದದ್ದು ಒಂದೇ ಜೀವ. ಅಶ್ವತ್ಥಾಮನ ಅಸ್ತ್ರಕ್ಕೆ ಸಿಕ್ಕು ಸತ್ತು ಹುಟ್ಟಿದ ಮಗುವನ್ನು ಕೃಷ್ಣ ಬದುಕಿಸುತ್ತಾನೆ. ಪರೀಕ್ಷಿತ. ಹಸ್ತಿನಾವತಿಯ ಸಿಂಹಾಸನಕ್ಕೆ ಉಳಿದ ಏಕೈಕ ವಾರಸುದಾರ ವಿರಾಟನ ಮಗಳ ಮಗ. ತಂದೆಯ, ತಾಯಿಯ ಕಡೆಯ ಅಜ್ಜನ, ಸೋದರಮಾವಂದಿರ ನಷ್ಟದ ಮೇಲೆ ಬದುಕಿದ ಮಗು. ನಮ್ಮ ಕಡೆ ಮಗಳ ಮಗನನ್ನು ಅಜ್ಜನ ಮನೆಯಲ್ಲಿ ಎಷ್ಟು ಎತ್ತಿ ಆಡಿಸುತ್ತಾರೆಂದು ಬಲ್ಲವರಿಗೆ, ಆಡಿಸಲು ಅಲ್ಲಿ ಯಾರೂ ಇರಲಿಲ್ಲ ಎಂಬುದು ಬೇಗ ತಟ್ಟುತ್ತದೆ.

ನನಗೆ ಒಂದು ಕೊರಗು ಇದೆ. ಉತ್ತರಕುಮಾರನ ಬಗ್ಗೆ ನಾವು ಕೇಳುಗರು ನ್ಯಾಯವಾಗಿ ನಡೆದುಕೊಂಡಿಲ್ಲ. ಮೊದಲ ಭಾಗದಲ್ಲಿ ನಕ್ಕದ್ದನ್ನು ಗಾದೆ ಮಾಡಿ ಇಟ್ಟುಕೊಂಡೆವು, ಎರಡನೆಯ ಭಾಗದಲ್ಲಿ ಅವನು ಶಲ್ಯನ ಎದುರು ಆನೆ ನುಗ್ಗಿಸಿದ್ದನ್ನು ಮರೆತೆವು. ಅಭಿಮನ್ಯುವಿಗೆ ಕಾಳಗವಿದೆ, ಬಬ್ರುವಾಹನನಿಗೆ, ಕುಶಲವರಿಗೆ ಕಾಳಗವಿದೆ. ನಾನು ನೋಡಿದ ಆಟಗಳಲ್ಲಿ ಉತ್ತರನ ಕಾಳಗ ಒಂದೂ ಇಲ್ಲ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಕಟ್ಟಿದ ಕಲಾವಿದ ಟಿ.ಬಿ. ಸೊಲಬಕ್ಕನವರ ಬದುಕಿರುವವರೆಗೂ ದೊಡ್ಡಾಟಕ್ಕಾಗಿ ದುಡಿದರು, ಬಯಲಾಟ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. ಅವರು ಉಳಿಸಿದ ಕಲೆಯಲ್ಲಿ ಈ ಹುಡುಗನಿಗೂ ಒಂದು ರಾತ್ರಿ ಸಿಗಬೇಕು ಎಂಬುದು ನನ್ನ ಆಸೆ. ದೊಡ್ಡಾಟದಲ್ಲಿ ಪಾತ್ರ ಬಂದ ಕೂಡಲೇ ಸಾರಥಿ ತಡೆದು ನೀವು ಯಾರು, ಯಾವ ಊರು ಎಂದು ಕೇಳುತ್ತಾನೆ. ಪಾತ್ರಧಾರಿ ತನ್ನ ಬಿರುದು ಬಾವಲಿಗಳನ್ನೆಲ್ಲ ಹೇಳಿಕೊಳ್ಳುತ್ತಾನೆ. ಉತ್ತರಕುಮಾರ ಈ ಸಲ ಬಿರುದು ಹೇಳಿಕೊಳ್ಳಬಾರದು. ಹೆಸರು, ಊರು, ತಂಗಿಯ ಹೆಸರು ಹೇಳಿ ಆನೆ ಏರಬೇಕು. ಸಂಭಾಷಣೆ ಬರೆಯಬಲ್ಲವರು ಹಾನಗಲ್ಲಿನಲ್ಲೇ ಇದ್ದಾರೆ. ಅವರಲ್ಲಿ ಯಾರಾದರೂ ಒಬ್ಬರು ಮುಂದಿನ ಜಾತ್ರೆಯೊಳಗೆ ಇದನ್ನು ಬರೆದು ಕೊಡಲಿ, ಶಲ್ಯನ ಪಾತ್ರಕ್ಕೆ ಒಳ್ಳೆಯ ಕಂಠದವನನ್ನು ಹುಡುಕಲಿ.